ಹೊಲಿಗಿ ಜಾಗದ ಗಂಟು

ಯವ್ವಾ,

ನೀ ಇದ್ದಿದ್ರ ಮೊದಲ ನಿನಗ ಹೇಳ್ತಿದ್ದೆ. ನನ್ನ ಸಿಜೇರಿಯನ್ ಹೊಲಿಗಿ ಜಾಗದಾಗ ಗಂಟಾಗಿ, ಮುಟ್ಟಾದಾಗೆಲ್ಲ ಬಾತು ಜೀವ ಹಿಂಡ್ತಿತ್ತು. ರಾಯಚೂರಾಗ ತೆಗಿಸಿದೆ. ಹೆರಿಗಿ ಆಪರೇಷನ್‌ದಾಗ ಗರ್ಭಚೀಲದ ಒಳಪದರ ಹೊಲಿಗಿಗೆ ಅಂಟಿ ಬೆಳೆದಿತ್ತಂತ. "ನಿನ್ನ ನೋವು ಸುಳ್ಳಲ್ಲವ್ವ," ಅಂದ್ರು ಡಾಕ್ಟರಮ್ಮ. ಅಷ್ಟಕ್ಕ ಅತ್ತುಬಿಟ್ಟೆ.

ಇವತ್ತು ಮುಟ್ಟಾದೆ. ಮೊದಲೆಲ್ಲ ಈ ದಿನ ಗೋಡಿ ಹಿಡಿದು ನಡೀತಿದ್ದೆ. ಇವತ್ತು ಮಗಳನ್ನ ಬಗಲಾಗ ಎತ್ಕೊಂಡು ಗಬ್ಬೂರಾಗ ದೇವದುರ್ಗದ ಬಸ್ಸಿನ ಹಿಂದ ಓಡಿದೆ. "ಸಾವಕಾಶ ಬರ್ರಿ ಅಕ್ಕಾ," ಅಂದ ಕಂಡಕ್ಟರ್. ಬಸ್ಸಿನವ್ರೆಲ್ಲ ತಿರುಗಿ ನೋಡುವಂಗ ನಕ್ಕೆ.

ತಮ್ಮ ಹುಟ್ಟಿದಾಗ ನಿನಗೂ ಆಪರೇಷನ್ ಆಗಿತ್ತು. ಆಮ್ಯಾಲ ತಿಂಗಳಿಗೊಮ್ಮಿ ಹೊಟ್ಟಿಗೆ ಹಳೇ ಸೀರಿ ಬಿಗಿದು ಕಟ್ಕೊಂಡು ರೊಟ್ಟಿ ಬಡೀತಿದ್ದಿ. ಯಾಕಂತ ನಾವ್ಯಾರೂ ಕೇಳಲಿಲ್ಲ.

ಮೊನ್ನೆ ತಮ್ಮನ ಹೆಂಡತಿ ಶೈಲಜಾಗೂ ಸಿಜೇರಿಯನ್ ಆತು. ಆಕಿನ್ನೇ ನೋಡಾಕ ಹೊಂಟೀನಿ. ಹೊಲಿಗಿ ಜಾಗ ನೋಯ್ತದೇನಂತ ಆಕಿನ್ನ ತಿಂಗಳ ತಿಂಗಳ ಕೇಳ್ತೀನಿ.