ಎಫ್ರೈನ್ ಬರೆಯದೆ ಬಿಟ್ಟ ಅಂಗಡಿ

ಸ್ಯಾನ್ ಆಂಟೋನಿಯೊ, ಟೆಕ್ಸಸ್
ಜೂನ್ 13, ಶನಿವಾರ

ಪ್ರೀತಿಯ ಕೂಕಾ,

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬರೆಯುತ್ತಿದ್ದಾಗ ಎಷ್ಟು ಸೊಟ್ಟಗಿತ್ತೋ ಈಗಲೂ ಅಷ್ಟೇ ಇದೆ. ಆರನೇ ತರಗತಿಗೆ ಶಾಲೆ ಬಿಟ್ಟವಳ ಕಾಗುಣಿತ ಎಲ್ಲಿಂದ ಸರಿಹೋಗಬೇಕು? ತಪ್ಪು ಕಂಡಲ್ಲಿ ನೀನೇ ತಿದ್ದಿಕೊಂಡು ಓದು. ನಿನ್ನನ್ನು ಈಗ ಸಿಸ್ಟರ್ ಎನ್ನಬೇಕಂತೆ. ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ನಿಮ್ಮ ಕನ್ಯಾಸ್ತ್ರೀ ಮಠದಲ್ಲಿ ಫೋನಿಗೆ ಕರೆಯುವುದಿಲ್ಲ ಎಂದು ಗೊತ್ತಿದ್ದೂ ಇಷ್ಟು ತಡ ಮಾಡಿದೆ. ಒಂದು ವಾರದಿಂದ ನಮ್ಮ ಮನೆಯಲ್ಲಿ ಯಾರಿಗೂ ಕೈಕಾಲು ಆಡುತ್ತಿಲ್ಲ.

ತಮ್ಮ ಎಫ್ರೈನ್‌ಗೆ ಬಿಸಿನೆಸ್ ಸ್ಕೂಲಿನಲ್ಲಿ ಸೀಟು ಸಿಗಲಿಲ್ಲ.

ನೀವೆಲ್ಲ ಅದಕ್ಕಾಗಿ ಪ್ರಾರ್ಥಿಸಿದಿರಿ. ಅಮ್ಮ ಚಿಕ್ಕಪ್ಪನ ಕೈಲಿ ನಿಮಗೆ ಮೊಟ್ಟೆ ಕಳುಹಿಸಿದ್ದರು. ಮದುವೆಯ ದಿನ ಮಳೆ ಬಾರದಿರಲಿ ಎಂದು ಸಂತ ಕ್ಲಾರಾಳ ಮಠಕ್ಕೆ ಮೊಟ್ಟೆ ಕೊಡುವುದುಂಟು, ಸೀಟಿಗೂ ಕೊಡುತ್ತಾರೆಯೇ ಎಂದು ನಾನು ಆಗಲೇ ಕೇಳಿದ್ದೆ. "ಸಂತ ಕ್ಲಾರಾಗೆ ಎರಡೂ ಒಂದೇ ಕಣೇ" ಎಂದಿದ್ದರು. ಈಗ ಹೇಳುವುದೇ ಬೇರೆ: "ಆ ಮಠದ ಹುಡುಗೀರು ಅಭ್ಯಾಸಬಲಕ್ಕೆ ಮಳೆ ಬೇಡ ಅಂತ್ಲೇ ಕೇಳ್ಕೊಂಡಿರ್ಬೇಕು. ನೋಡು, ಇಲ್ಲಿ ಒಂದು ಹನಿ ಬಿದ್ದಿಲ್ಲ." ಬೇಸರಿಸಬೇಡ. ಅಷ್ಟು ಹೇಳಿ ನಗುತ್ತಾರೆ, ಆಮೇಲೆ ಅಳುತ್ತಾರೆ.

ಅವನು ಎರಡು ವರ್ಷದಿಂದ ಅದೇ ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದುತ್ತಿದ್ದಾನೆ. ಒಳಗಿದ್ದವರು ಬಿಸಿನೆಸ್ ಸ್ಕೂಲಿಗೆ ಬದಲಾಯಿಸಿಕೊಳ್ಳಬಹುದಂತೆ. ಅರ್ಜಿ ಹಾಕಿದ್ದ. ಅಂಕಗಳೂ ಚೆನ್ನಾಗಿದ್ದವು. ಉತ್ತರ ಬಂದಾಗ ರಜೆಗೆ ಮನೆಗೆ ಬಂದವನು ತಮಾಲೆ ಕಡುಬು ಸುತ್ತಲು ಮುಸುಕಿನ ಜೋಳದ ಸಿಪ್ಪೆ ನೆನೆಹಾಕುತ್ತಿದ್ದ. ಫೋನ್ ನೋಡಿದ. ಒದ್ದೆ ಕೈಯಿಂದ ಅದನ್ನು ಒರೆಸಿ ಮತ್ತೆ ನೋಡಿದ.

"ಇಲ್ಲ ಅಂದ್ರು."

"ಯಾರು?" ಎಂದರು ಅಮ್ಮ.

"ಸ್ಕೂಲ್‌ನೋರು."

"ನೀನು ಆಗ್ಲೇ ಒಳಗಿದೀಯಲ್ಲೋ! ಹಜಾರದಲ್ಲಿ ಕೂತೋನು ಅಡುಗೆಮನೆಗೆ ಬರ್ತೀನಿ ಅಂದ್ರೆ ಯಾರಾದ್ರೂ ಬಾಗಿಲು ಹಾಕ್ತಾರಾ?"

"ಹಾಕಿದ್ರಮ್ಮ."

ಅವನಿಗೆ ಜ್ಞಾನಸ್ನಾನದ ತಾಯಿಯಾದ ದೊನ್ಯಾ ಚೆಪಾ ಅಷ್ಟರಲ್ಲಿ ಕೇಕ್ ಹೊತ್ತು ಬಂದರು. ಸೀಟು ಸಿಕ್ಕೇ ಸಿಗುತ್ತದೆಂದು ಮೊದಲೇ ಮಾಡಿಸಿದ್ದರು. ನಮ್ಮ ಮುಖ ನೋಡಿ ಬಾಗಿಲಲ್ಲೇ ನಿಂತರು. "ಶುಭಾಶಯ ಅಂತಷ್ಟೇ ಬರ್ಸಿದೀನಿ, ಯಾತಕ್ಕೆ ಅಂತ ಬರ್ಸಿಲ್ಲ. ತಿನ್ನೋಣ ಬಿಡಿ" ಎಂದರು. ತಿಂದೆವು. ಯಾವ ರುಚಿಯಿತ್ತು ಎಂದು ಇವತ್ತಿಗೂ ನೆನಪಾಗುತ್ತಿಲ್ಲ.

ಸೋಮವಾರ ಅವನು ಅಲ್ಲಿನ ಸಲಹೆಗಾರ್ತಿಗೆ ಫೋನ್ ಮಾಡಿದ. ಅವರ ಮಾತನ್ನು ನಮಗೆ ಹೇಳುತ್ತಾ ಹೋದ. ಅಂಕ ಎಲ್ಲರದ್ದೂ ಚೆನ್ನಾಗಿತ್ತಂತೆ. ಆಮೇಲೆ ನೋಡುವುದು ಏನು ಕೆಲಸ ಮಾಡಿದ್ದಾರೆ ಎಂಬುದನ್ನಂತೆ. ಅರ್ಜಿಯ ಆ ಜಾಗದಲ್ಲಿ ನೀನು 'ಇಲ್ಲ' ಎಂದು ಬರೆದಿದ್ದೀಯಲ್ಲ ಎಂದರಂತೆ. ಒಮ್ಮೆ ಅವರು ಬೇಡವೆಂದರೆ ಮತ್ತೆ ಅರ್ಜಿ ಹಾಕುವಂತಿಲ್ಲವಂತೆ.

ಇಲ್ಲ! ಕೂಕಾ, ಮೀಸೆ ಮೂಡುವ ಮೊದಲಿನಿಂದ ಆ ಹುಡುಗ ಶನಿವಾರದ ಸಂತೆಯಲ್ಲಿ ನಮ್ಮ ತಮಾಲೆ ಅಂಗಡಿಗೆ ನಿಂತಿದ್ದಾನೆ. ಅಮ್ಮ ಆ ಸಲಹೆಗಾರ್ತಿಯ ಮೇಲೆಯೇ ರೇಗಿದರು. "ಅದನ್ನ ಕೆಲಸ ಅಂತಾರಾ? ಅಮ್ಮಂಗೆ ಕೈ ಸೇರ್ಸಿದ್ದನ್ನ ಅರ್ಜೀಲಿ ಬರ್ಕೊಳ್ಳೋಕೆ ನಾವೇನು ನಾಚ್ಕೆ ಬಿಟ್ಟೋರಾ? ಸಂಬಳ ಕೊಟ್ಟಿದ್ನಾ ನಾನು?" ನಮ್ಮ ಜನರಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಆಗಸ್ಟಿನಲ್ಲಿ ತಿರುಗಿ ಹೋಗುವುದಿಲ್ಲ, ಅಂಗಡಿಗೇ ನಿಲ್ಲುತ್ತೇನೆ ಎನ್ನುತ್ತಿದ್ದಾನೆ. "ಭೂಗೋಳಾನೇ ಮುಗ್ಸೋ, ಪ್ರಪಂಚ ಎಲ್ಲಿದೆ ಅಂತಾದ್ರೂ ಗೊತ್ತಾಗ್ಲಿ" ಎಂದು ಅಮ್ಮ ಬೈಯುತ್ತಾರೆ. ಅವನು ಹೋಗಲಿ ಎಂದು ನೀನೂ ಕೇಳಿಕೊ. ಇನ್ನೇನೂ ಬೇಡ.

ನಿನಗೂ ನಿನ್ನ ಸಂಗಾತಿ ಸಿಸ್ಟರ್‌ಗಳಿಗೂ ಗ್ವಾದಲೂಪೆ ಮಾತೆ ಒಳ್ಳೆಯ ಆರೋಗ್ಯ, ತಣ್ಣನೆಯ ನಿದ್ದೆ ಕೊಡಲಿ.

ನಿನ್ನವಳೇ ಆದ
ಎಲೊದಿಯಾ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ಅಮ್ಮ ಚರ್ಚಿಗೆ ಹೋಗಿದ್ದಾಗ ಅವನನ್ನು ಕೇಳಿದೆ.

"ತಮಾಲೆ ಮಾರ್ತೀವಿ ಅಂತ ಬರೆಯೋಕೆ ನಾಚ್ಕೆ ಆಯ್ತೇನೋ?"

"ಥೂ, ಅಲ್ಲಕ್ಕ. ಬೆಲೆ ಹಾಕೋಳು ನೀನು. ಹಸಿಮೆಣಸಿನಕಾಯಿ ತಮಾಲೆ ಶುರು ಮಾಡಿದ್ದು ನೀನು. ಆ ಮೂಲೆ ಜಾಗ ಹುಡ್ಕಿದ್ದು ನೀನು. ನಾನು ಚಿಲ್ಲರೆ ಕೊಟ್ಟೆ ಅಷ್ಟೆ. ಎಲ್ಲಾ ನಾನೇ ಮಾಡಿದ್ದು ಅಂತ ಒಂದ್ಸಲ ಬರೆದೆ. ಅಳಿಸ್ದೆ. ನಿಂಗೆ ಸ್ಕೂಲೂ ಇಲ್ಲ, ಇರೋ ಒಂದು ಅಂಗಡೀನೂ ನಾನೇ ಕಿತ್ಕೋಬೇಕಾ?"

ಅದು ನನ್ನ ಅಂಗಡಿ ಎಂದು ಈವರೆಗೆ ಯಾರೂ ಹೇಳಿರಲಿಲ್ಲ. ಅಮ್ಮನದು ಎಂದೇ ನಾನೂ ಹೇಳಿಕೊಂಡು ಬಂದಿದ್ದೆ. ಸಂತೋಷಪಡಬೇಕಿತ್ತು ತಾನೇ? ಎದೆಗೆ ಗುದ್ದಿದ ಹಾಗಾಯಿತು. ಒಂದು ಮಾತು ಕೇಳಿದ್ದರೆ, ನಿನ್ನದೆಂದೇ ಬರೆದುಕೊ ಎಂದು ಅವತ್ತೇ ಕೊಟ್ಟುಬಿಡುತ್ತಿದ್ದೆ, ಕೂಕಾ. ಅವನು ಕೇಳಲಿಲ್ಲ. ನನ್ನನ್ನು ಶಾಲೆ ಬಿಡಿಸುವಾಗಲೂ ಯಾರೂ ಕೇಳಿರಲಿಲ್ಲ.

ಈ ಬೆಳಿಗ್ಗೆ ಸಂತೆಗೆ ಹೊರಟಾಗ ಅವನು ಎಂದಿನಂತೆ ಹಬೆಪಾತ್ರೆ ಎತ್ತಲು ಬಗ್ಗಿದ. "ಬಿಡು, ನನ್ನ ಅಂಗಡಿ ಪಾತ್ರೆ ನಾನೇ ಎತ್ತೀನಿ" ಎಂದೆ. ನಾನೇ ಎತ್ತಿಕೊಂಡು ಹೋಗಿ ಗಾಡಿಯಲ್ಲಿಟ್ಟೆ.