ಹನ್ನೊಂದು ಮೆಟ್ಟಿಲು

ಒಂಟಿಕೊಪ್ಪಲು, ಮೈಸೂರು
14-5-1956

ಅವ್ವನ ಪಾದಕ್ಕೆ ಪುಟ್ಟತಾಯಿಯ ನಮಸ್ಕಾರ. ಮೈದುನನ ಮದುವೆ ಚೆನ್ನಾಗಿ ಆಯಿತು. ದಿಬ್ಬಣದಲ್ಲಿ ಬಂದ ನಮಗೆ ಊರು ತೋರಿಸಲು ಬೀಗರು ವ್ಯಾನು ಗೊತ್ತುಮಾಡಿದ್ದರು. ನಿನ್ನೆ ಅರಮನೆ ನೋಡಿ ಇವತ್ತು ಚಾಮುಂಡಿ ಬೆಟ್ಟಕ್ಕೆ ಹೋದೆವು. ತಮ್ಮ ಗಂಗಾಧರನಿಗೆ ಟೈಫಾಯ್ಡ್ ಬಂದಾಗ ನೀನು ಹೊತ್ತ ಹರಕೆ ನಾನು ಮರೆತಿರಲಿಲ್ಲ. ನಿನಗೆ ಮಂಡಿನೋವೆಂದು, ಬೆಟ್ಟದ ಒಂದೊಂದು ಮೆಟ್ಟಿಲಿಗೂ ಹಚ್ಚಲು ನನ್ನ ಕೈಗೆ ಕೊಟ್ಟ ಅರಿಸಿನ ಕುಂಕುಮದ ಪೊಟ್ಟಣ ಸೊಂಟದಲ್ಲೇ ಇತ್ತು. ಆದರೆ ಅತ್ತೆಯವರ ಮುಂದೆ, ನಾನೊಬ್ಬಳೇ ನಡೆದು ಬರುತ್ತೇನೆ ಎನ್ನಲು ಬಾಯಿ ಬರಲಿಲ್ಲ. ಎಲ್ಲರ ಜೊತೆ ವ್ಯಾನಿನಲ್ಲೇ ಹೋದೆ.

ವಾಪಸು ಇಳಿಯುವಾಗ ದೊಡ್ಡ ನಂದಿಯ ಹತ್ತಿರ ನಿಲ್ಲಿಸಿದರು. ಅಲ್ಲಿ ಅಜ್ಜಿಯೊಬ್ಬರು ಬಗ್ಗಿ ಬಗ್ಗಿ ಮೆಟ್ಟಿಲಿಗೆ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ಸೀರೆಯ ಅಂಚೆಲ್ಲ ಕೆಂಪಾಗಿತ್ತು. ನಮ್ಮದನ್ನೂ ಹಚ್ಚಿಬಿಡಿ ಎಂದು ಪೊಟ್ಟಣ ಚಾಚಿದೆ. "ಹೊರಗಿನೋರು ಹಚ್ಚುದ್ರೆ ಸಲ್ಲಾಕಿಲ್ಲ ಕಣವ್ವ, ಮನೆಯೋರೇ ಬಗ್ಗಬೇಕು" ಅಂದರು. ಬಗ್ಗಿದೆ. ಹನ್ನೊಂದು ಮೆಟ್ಟಿಲಾಗುವಷ್ಟರಲ್ಲಿ ವ್ಯಾನಿನವನು ಹಾರನ್ ಹೊಡೆದ. ಎದ್ದು ಹೋಗಿಬಿಟ್ಟೆ.

ನಾಳೆ ಬೆಳಿಗ್ಗೆಯೇ ಇವರೆಲ್ಲರ ಜೊತೆ ನಮ್ಮೂರಿಗೆ ಹೊರಡಬೇಕು. ಸ್ವಲ್ಪ ನೆಗಡಿ ಬಿಟ್ಟರೆ ಆರೋಗ್ಯವಾಗಿದ್ದೇನೆ. ನಿನ್ನ ಮಂಡಿಗೆ ಹರಳೆಣ್ಣೆ ತಿಕ್ಕುವುದನ್ನು ಬಿಡಬೇಡ.

ಈ ಕಾರ್ಡನ್ನು ನಿನಗೆ ಓದಿ ಹೇಳುವವನು ಗಂಗಾಧರನೇ ಎಂಬುದು ಈಗ ನೆನಪಾಯಿತು. ಜಾಗವೂ ಮುಗಿಯಿತು. ಗಂಗಾಧರ, ಒಂದು ಸಾಲೂ ಬಿಡದೆ ಓದಪ್ಪ.

ನಿಮ್ಮ ಪುಟ್ಟತಾಯಿ