ಕಾಲಡಿಯ ಹಾರ್ನ್

ಭಾನುವಾರ, ಅಂಗಡಿಗೆ ರಜೆ

ಪ್ರೀತಿಯ ಪುಟ್ಟಿಗೆ,

ನಿನ್ನ ಚಿಕ್ಕಪ್ಪನ ಆಶೀರ್ವಾದಗಳು. ನಾವಿಬ್ಬರೂ ಚೆನ್ನಾಗಿದ್ದೇವೆ. ಉತ್ತರ ತಡವಾಯಿತು, ಬೈದುಕೋ. ಅಂಗಡಿಯಲ್ಲಿ ಪಂಕ್ಚರ್ ಕೆಲಸ ಜಾಸ್ತಿಯಿತ್ತು ಎಂದು ಬರೆಯಲು ಹೊರಟಿದ್ದೆ. ನಿನ್ನ ಚಿಕ್ಕಮ್ಮ ಬೆನ್ನ ಹಿಂದೆ ನಿಂತು ಓದಿ, "ಈ ಬೀದೀಲಿ ಅಷ್ಟು ಸೈಕಲ್ಲೇ ಇಲ್ಲ, ಬೇರೆ ಸುಳ್ಳು ಹುಡುಕಿ" ಎಂದಳು.

ನೀನು ಕೊಟ್ಟುಹೋದ ಕ್ಯಾಮೆರಾದಲ್ಲಿ ನಾನು ತೆಗೆದ ಬೆಳ್ಳಕ್ಕಿಗಳ ಫೋಟೋವನ್ನು ದೊಡ್ಡದು ಮಾಡಿಸಿ, ಗಾಜು ಹಾಕಿಸಿ, ಅಂಗಡಿಯಲ್ಲಿ ಟೈರುಗಳ ಮೇಲೆ ತೂಗುಹಾಕಿದ್ದೆ. ಬರೀ ಗಾಳಿ ಹೊಡೆಸಲು ಬಂದವರಿಗೂ ಅದನ್ನು ತೋರಿಸದೆ ಬಿಟ್ಟವನಲ್ಲ. ಎದುರಂಗಡಿಯ ಕ್ಷೌರಿಕ, "ಹಾರೋ ಹಕ್ಕೀನ ಅದ್ಹೇಗೆ ಹಿಡಿದೆ ಮಾರಾಯ?" ಎಂದರೆ, "ಅದು ಕೈಯಲ್ಲೇ ಇರಬೇಕಯ್ಯಾ" ಎಂದು ಮೀಸೆ ತಿರುವುತ್ತಿದ್ದೆ. ನಿನ್ನ ಫೋಟೋ ಪ್ರದರ್ಶನದಲ್ಲಿ ನಿನ್ನ ಚಿತ್ರಗಳ ಪಕ್ಕದಲ್ಲೇ ಅದನ್ನೂ ಹಾಕುತ್ತೇನೆಂದು ನೀನು ಬರೆದ ಮೇಲಂತೂ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಅದೇ ಪತ್ರದಲ್ಲಿ ನೀನು ಒಂದು ಮಾತು ಕೇಳಿದ್ದೆ. ಗೂಡು ಬಿಟ್ಟು ಅಷ್ಟೂ ಹಕ್ಕಿ ಒಟ್ಟಿಗೆ ಹೇಗೆ ಎದ್ದವು ಚಿಕ್ಕಪ್ಪ, ಎಂದು.

ಫೋಟೋ ತೆಗೆಯಲು ಹೋದ ಮೊದಲ ದಿನ ಕೆರೆಯಂಚಿನಲ್ಲಿ, ಗೂಡುಗಳಿದ್ದ ಮರದ ಎದುರು, ಬೆಳಗಿನಿಂದ ಕೂತಿದ್ದೆ. ಒಂದೊಂದೇ ಹಕ್ಕಿ ಬರುತ್ತಿತ್ತು, ಹೋಗುತ್ತಿತ್ತು. ನಾನು ಗುಂಡಿ ಒತ್ತುವಷ್ಟರಲ್ಲಿ ಬರೀ ಆಕಾಶ ಸಿಗುತ್ತಿತ್ತು. ಬೀದಿಯಲ್ಲಿ ಅಷ್ಟು ಜಂಬ ಕೊಚ್ಚಿ ಖಾಲಿ ಕೈಯಲ್ಲಿ ಹೋದರೆ ಕ್ಷೌರಿಕ ನೀರು ಮುಟ್ಟಿಸದೆ ನನ್ನ ತಲೆ ಬೋಳಿಸುತ್ತಿದ್ದ. ಮಾರನೆಯ ದಿನ ಅಂಗಡಿಯಲ್ಲಿದ್ದ ಹಳೇ ರಬ್ಬರ್ ಹಾರ್ನ್ ತೆಗೆದುಕೊಂಡು ಹೋದೆ. ಎರಡು ಕೈಯಲ್ಲೂ ಕ್ಯಾಮೆರಾ ಹಿಡಿದು, ಹಾರ್ನನ್ನು ಕಾಲಡಿಗಿಟ್ಟು ತುಳಿದೆ. ಪೋಂ. ಮರವೇ ಬೆಳ್ಳಗೆ ಮೇಲೆದ್ದಂತಾಯಿತು. ಅವು ಮರದ ಮೇಲೆ ಸುತ್ತುಹಾಕುತ್ತಿರುವಾಗ ಗುಂಡಿ ಒತ್ತಿದೆ. ನನ್ನ ಬುದ್ಧಿಗೆ ನಾನೇ ನಕ್ಕೆ.

ಫೋಟೋದ ಮೂಲೆಯಲ್ಲಿ ಒಂದು ಹದ್ದಿದೆಯಲ್ಲ, ಅದನ್ನು ಎಲ್ಲರಿಗೂ "ಇದು ಕೊಸರು" ಎಂದು ತೋರಿಸುತ್ತಿದ್ದೆ. ನಿನ್ನ ಪತ್ರ ಬಂದ ದಿನ ಚಿಕ್ಕಮ್ಮ ಗಾಜು ಒರೆಸುತ್ತಾ ಅಲ್ಲೇ ನಿಂತಳು.

"ಇದರ ಕಾಲಲ್ಲಿ ಏನ್ರೀ ಅದು?"

"ಮೀನಿರಬೇಕು ಕಣೇ."

"ಮೀನಿಗೆ ಕತ್ತು ಇರುತ್ತಾ?"

ಕನ್ನಡಕ ಹಾಕಿಕೊಂಡು ನೋಡಿದೆ. ರೆಕ್ಕೆ ಬಲಿಯದ ಬೆಳ್ಳಕ್ಕಿ ಮರಿ. ದೊಡ್ಡವನ್ನೆಲ್ಲ ಎಬ್ಬಿಸಿ ನಾನು ಗೂಡು ತೆರವು ಮಾಡಿಕೊಟ್ಟಿದ್ದೆ, ಹದ್ದು ಬಂದು ಎತ್ತಿಕೊಂಡಿತು. ಚಿಕ್ಕಮ್ಮ ಒರೆಸುವ ಬಟ್ಟೆಯನ್ನು ನನ್ನ ಕೈಗಿಟ್ಟು ಹೊರಟುಹೋದಳು. ಬೈದಿದ್ದರೆ ಎದುರು ವಾದಿಸಿಯಾದರೂ ಗೆಲ್ಲುತ್ತಿದ್ದೆ.

ಫೋಟೋ ಇಳಿಸಿದ್ದೇನೆ. "ಎಲ್ಲಿ ಹೋಯ್ತಯ್ಯಾ ನಿನ್ನ ಕೈಚಳಕ?" ಎಂದ ಕ್ಷೌರಿಕನಿಗೆ, ಗೋಡೆಗೆ ಗೆದ್ದಲು ಹಿಡಿದಿದೆ ಎಂದೆ. ಅವನಿಗೆ ನಿಜ ಹೇಳಲು ಇನ್ನೂ ಬಾಯಿ ಬಂದಿಲ್ಲ. ನೀನು ಅದನ್ನು ಪ್ರದರ್ಶನದಲ್ಲಿ ಹಾಕಬೇಡ. ಕ್ಯಾಮೆರಾ ಒರೆಸಿ ಎತ್ತಿಟ್ಟಿದ್ದೇನೆ, ಬಂದಾಗ ತೆಗೆದುಕೊಂಡು ಹೋಗು. ನಿನ್ನ ಕಣ್ಣು ತಣ್ಣಗಿರಲಿ, ಕೈಗೆ ಒಳ್ಳೆಯ ಹೆಸರು ಬರಲಿ.

ಇಂತಿ,
ನಿನ್ನ ಚಿಕ್ಕಪ್ಪ

ತಾ.ಕ.: ಪ್ರದರ್ಶನದ ಆಹ್ವಾನದಲ್ಲಿ ನನ್ನನ್ನು "ನನ್ನ ಮೊದಲ ಗುರು" ಎಂದು ಅಚ್ಚು ಹಾಕಿಸುತ್ತೇನೆ ಎಂದಿದ್ದೀಯ. ಚಿಕ್ಕಂದಿನಲ್ಲಿ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗೂಡು ತೋರಿಸುವಾಗ, "ಉಸಿರು ಜೋರಾಗಿ ಬಿಡಬೇಡ ಪುಟ್ಟಿ, ತಾಯಿ ಎದ್ದುಹೋಗುತ್ತೆ" ಎಂದು ನಾನೇ ಹೇಳಿದ್ದೆನಂತೆ. ಇವತ್ತಿಗೂ ನೀನು ಹಾಗೆಯೇ ನಿಲ್ಲುತ್ತೀಯಂತೆ. ನನಗೆ ಮರೆತೇಹೋಗಿತ್ತು. ಆಹ್ವಾನದಿಂದ ಆ ಸಾಲು ತೆಗೆಸಿಬಿಡು ಮಗಳೇ.